ಪಾಕೆಟ್ ರೇಡಾರ್ ಸ್ಮಾರ್ಟ್ ಕೋಚ್: ಶಾಲಾ ಹುಡುಗನ ಎಸೆತ ಅಳೆಯಲು ಕೊಳ್ಳಬಹುದೇ?

ಪುಣೆ, ಮುಂಬೈ ಕಡೆ ಶಾಲೆಯ ಬೇಸ್‌ಬಾಲ್ ತಂಡ ನೋಡಿಕೊಳ್ಳುವ ಪಿ.ಟಿ. ಮಾಸ್ತರಿಗೆ, ಅಥವಾ ನಾಲ್ಕೈದು ಶಾಲೆ ಸೇರಿ ನಡೆಸುವ ಕ್ಲಬ್ಬಿಗೆ ಎಸೆದ ಚೆಂಡಿನ ವೇಗ ಅಳೆಯುವ ಈ ಪುಟ್ಟ ರೇಡಾರ್ ಯಂತ್ರ ಖಂಡಿತ ಬೇಕು. ಒಬ್ಬನೇ ಮಗನಿಗಾಗಿ ಮನೆಯವರು ಕೊಳ್ಳುವ ಅಗತ್ಯ ಕಾಣುವುದಿಲ್ಲ. ಯಂತ್ರದ ಓದು ನಂಬುವಂಥದ್ದೇ. ಆದರೆ ಅದನ್ನು ಎಲ್ಲಿ ಹಿಡಿಯುತ್ತೀರಿ, ಎಷ್ಟು ಎಸೆತಕ್ಕೆ ಹಿಡಿಯುತ್ತೀರಿ, ಅಂಕಿಯ ಪಕ್ಕದಲ್ಲಿ ಇನ್ನೇನು ಬರೆದುಕೊಳ್ಳುತ್ತೀರಿ ಎಂಬುದರ ಮೇಲೆ ಆ ಅಂಕಿಗೆ ಬೆಲೆ ಬರುತ್ತದೆ. ಪಿಚಿಂಗೂ (ಬ್ಯಾಟರ್‌ಗೆ ಚೆಂಡು ಎಸೆಯುವ ಕೆಲಸ) ಮಾಡುವ, ಉಳಿದ ಹೊತ್ತು ಔಟ್‌ಫೀಲ್ಡಿನಲ್ಲೂ (ಮೈದಾನದ ದೂರದ ಭಾಗದಲ್ಲಿ) ನಿಲ್ಲುವ 15-17ರ ಹುಡುಗನನ್ನು ಅಳೆಯುವ ಕೆಲಸಕ್ಕೆ ಇದು ಎಷ್ಟು ಒದಗುತ್ತದೆ ಎಂಬುದನ್ನೇ ಇಲ್ಲಿ ನೋಡಿರುವುದು. ನಮ್ಮ ಶಾಲಾ ತಂಡಗಳಲ್ಲಿ ಕೈ ಚೆನ್ನಾಗಿರುವವನಿಗೆ ಎರಡೂ ಕೆಲಸ ಬೀಳುವುದು ಸಾಮಾನ್ಯ.

ಯಂತ್ರ ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು, ತೂಕ ಸುಮಾರು 130 ಗ್ರಾಂ. ಎರಡು ಸಣ್ಣ ಎಎಎ ಸೆಲ್ ಹಾಕಬೇಕು. ಗಂಟೆಗೆ 40ರಿಂದ 209 ಕಿ.ಮೀ.ವರೆಗೆ ಓದುತ್ತದೆ. ಬೇಸ್‌ಬಾಲ್ ಚೆಂಡನ್ನು 36 ಮೀಟರಿನವರೆಗೆ ಹಿಡಿಯುತ್ತದೆ ಎನ್ನುತ್ತದೆ ಕಂಪನಿ. ವೇಗದ ಓದಿನಲ್ಲಿ ಹೆಚ್ಚುಕಮ್ಮಿ ಆಗುವುದು ಗಂಟೆಗೆ 1 ಮೈಲಿ, ಅಂದರೆ ಸುಮಾರು 1.6 ಕಿ.ಮೀ. ಅಷ್ಟೆ. ಮೈಲಿ, ಕಿಲೋಮೀಟರ್ ಎರಡರಲ್ಲೂ ತೋರಿಸುತ್ತದೆ. ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಿದರೆ ವಿಡಿಯೋ ಮೇಲೆಯೇ ವೇಗ ಅಚ್ಚಾಗುತ್ತದೆ. ಅಮೆರಿಕದಲ್ಲಿ ಬೆಲೆ 400 ಡಾಲರಿನ ಆಸುಪಾಸು. ಇಲ್ಲಿಗೆ ತರಿಸಿದರೆ ಸುಂಕ, ಸಾಗಣೆ ಬೇರೆ. ಅದಕ್ಕಿಂತ ಬಹಳ ಅಗ್ಗದ್ದು ಪಿಸ್ತೂಲಿನಾಕಾರದ ರೇಡಾರ್ ಗನ್ ಬುಷ್‌ನೆಲ್. ಅದಕ್ಕೆ ದಪ್ಪ ಸಿ ಸೆಲ್ ಎರಡು ಬೇಕು, ಚೆಂಡನ್ನು ಹಿಡಿಯುವ ದೂರ ಸುಮಾರು 27 ಮೀಟರ್. ಹೊಸ ಆಟಗಾರರನ್ನು ಹುಡುಕುವ ವೃತ್ತಿಪರ ಸ್ಕೌಟ್‌ಗಳ ಕೈಯಲ್ಲಿ ಕಾಣುವ ಸ್ಟಾಕರ್ ಇವೆರಡಕ್ಕಿಂತ ತುಂಬ ದುಬಾರಿ. ಕೈ ಬಿಟ್ಟ ಕ್ಷಣದ ವೇಗ, ಪ್ಲೇಟ್ (ಬ್ಯಾಟರ್ ನಿಲ್ಲುವಲ್ಲಿ ನೆಲದಲ್ಲಿರುವ ಹೋಮ್ ಪ್ಲೇಟ್) ಹತ್ತಿರದ ವೇಗ ಎರಡನ್ನೂ ಬೇರೆಬೇರೆ ತೋರಿಸುವುದು ಅದರ ಹೆಚ್ಚುಗಾರಿಕೆ. ಶಾಲೆಯ ಮಟ್ಟಕ್ಕೆ ಅಷ್ಟು ಬೇಡ.

ಮೊದಲು ಕೋನದ ಮಾತು. ರೇಡಾರ್ ಅಳೆಯುವುದು ಚೆಂಡು ತನ್ನ ಕಡೆಗೆ ಅಥವಾ ತನ್ನಿಂದ ಆಚೆಗೆ ನೇರ ಸಾಲಿನಲ್ಲಿ ಎಷ್ಟು ಬೇಗ ಸರಿಯುತ್ತಿದೆ ಎಂಬುದನ್ನು ಮಾತ್ರ. ಪಕ್ಕಕ್ಕೆ ಸರಿದು ನಿಂತಷ್ಟೂ ಅಂಕಿ ಇಳಿಯುತ್ತದೆ. ಗಂಟೆಗೆ 120 ಕಿ.ಮೀ. ಎಸೆತವನ್ನು 10 ಡಿಗ್ರಿ ಓರೆಯಲ್ಲಿ ನಿಂತು ಅಳೆದರೆ 118, 20 ಡಿಗ್ರಿಯಲ್ಲಿ 113, 30 ಡಿಗ್ರಿಯಲ್ಲಿ 104. ಒಂದನೇ ಬೇಸಿನ ಕಡೆ, ಅಂದರೆ ಎಸೆತದ ಸಾಲಿನಿಂದ ಪಕ್ಕಕ್ಕೆ, ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಅಳೆದ ಅಂಕಿಗೆ ಹೀಗಾಗಿಯೇ ಅರ್ಥವಿಲ್ಲ. ಓರೆಯಿಂದ ಅಂಕಿ ಕಡಿಮೆಯಾಗುತ್ತದೆಯೇ ಹೊರತು ಎಂದೂ ಹೆಚ್ಚಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಯಾರಾದರೂ ನಂಬಲಾಗದಷ್ಟು ದೊಡ್ಡ ಅಂಕಿ ತೋರಿಸಿದರೆ ಕಾರಣ ಬೇರೆ ಇರುತ್ತದೆ. ಮೈಲಿ-ಕಿಲೋಮೀಟರ್ ಅದಲು ಬದಲಾಗಿರಬಹುದು, ಇಲ್ಲವೇ ಹಿಂದೆ ಓಡುವ ವಾಹನವನ್ನೋ ತಿರುಗುವ ಫ್ಯಾನನ್ನೋ ಯಂತ್ರ ಓದಿರಬಹುದು.

ನಿಲ್ಲಲು ಸರಿಯಾದ ಜಾಗ ಎರಡೇ. ಒಂದು, ಕ್ಯಾಚರ್‌ನ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನ) ಹಿಂದೆ ಬಲೆಯ ಆಚೆ ಮೂರು ಮೀಟರ್ ದೂರ, ಪಿಚರ್ ಕೈ ಬಿಡುವ ಎತ್ತರಕ್ಕೆ ಸಮನಾಗಿ. ನೈಲಾನ್ ಬಲೆ ಅಡ್ಡ ಬಂದರೆ ತೊಂದರೆ ಇಲ್ಲ. ಕಬ್ಬಿಣದ ಜಾಲರಿ ಬೇಡ. ಇನ್ನೊಂದು, ಪಿಚರ್‌ನ ಬೆನ್ನ ಹಿಂದೆ ನಾಲ್ಕೈದು ಮೀಟರ್ ಬಿಟ್ಟು, ಅವನು ಎಸೆಯುವ ಭುಜದ ಸಾಲಿನಲ್ಲಿ. ಬಲೆಯೇ ಇಲ್ಲದ ಮೈದಾನದಲ್ಲಿ ಎರಡನೆಯದೇ ಗತಿ, ಸುರಕ್ಷಿತವೂ ಹೌದು. ಯಾವ ಕಡೆ ನಿಂತರೂ ಕೈಯಲ್ಲಿ ಹಿಡಿಯುವುದಕ್ಕಿಂತ ಮೊಬೈಲ್ ಸ್ಟ್ಯಾಂಡಿಗೆ ಸಿಕ್ಕಿಸಿ ಅಲ್ಲಾಡದಂತೆ ಇಡುವುದು ಲೇಸು. ಗುಂಡಿ ಒತ್ತಿ ಅಳೆಯುವುದಾದರೆ ಹುಡುಗನ ಮುಂಗಾಲು ನೆಲ ಮುಟ್ಟುವ ಮೊದಲೇ ಒತ್ತಿರಬೇಕು. ಚೆಂಡು ಹೊರಟ ಮೇಲೆ ಒತ್ತಿದರೆ ನಡುದಾರಿಯ ವೇಗ ಸಿಗುತ್ತದೆ. ಕೈಯಿಂದ ಪ್ಲೇಟ್ ಮುಟ್ಟುವುದರೊಳಗೆ ಚೆಂಡು ಗಾಳಿಗೆ 8ರಿಂದ 10 ಶೇಕಡಾ ವೇಗ ಕಳೆದುಕೊಳ್ಳುತ್ತದೆ: 120ಕ್ಕೆ ಹೊರಟದ್ದು ಕ್ಯಾಚರ್ ಹತ್ತಿರ 110ರ ಸುತ್ತ. ಒಬ್ಬ ಹುಡುಗನದು ಹೊರಟ ವೇಗ, ಇನ್ನೊಬ್ಬನದು ತಲುಪಿದ ವೇಗ ಬರೆದಿಟ್ಟು ಹೋಲಿಸಿದರೆ ಅನ್ಯಾಯವಾಗುವುದು ಮಕ್ಕಳಿಗೆ. ಯಂತ್ರವನ್ನು ಸದಾ ಓದುವ ಸ್ಥಿತಿಯಲ್ಲಿಟ್ಟರೆ ಈ ತಾಪತ್ರಯ ತಪ್ಪುತ್ತದೆ. ಸೆಲ್ ಬೇಗ ಮುಗಿಯುತ್ತದೆ, ಇನ್ನೊಂದು ಜೊತೆ ಚೀಲದಲ್ಲಿರಲಿ.

ನಮ್ಮ ಊರಿನ ಮೈದಾನಗಳಲ್ಲಿ ಒಂದೇ ಬಯಲಿನಲ್ಲಿ ಆರೇಳು ಕ್ರಿಕೆಟ್ ಪಂದ್ಯ ಒಟ್ಟಿಗೆ ನಡೆಯುತ್ತವೆ. ಮುಂಬೈಯ ಆಜಾದ್ ಮೈದಾನವನ್ನೋ ಶಿವಾಜಿ ಪಾರ್ಕನ್ನೋ ಭಾನುವಾರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಿಚರ್‌ನ ಬೆನ್ನ ಹಿಂದಿನ ಸಾಲಿನಲ್ಲಿ ಬೌಲರ್ ಓಡಿ ಬಂದರೂ ರಸ್ತೆಯ ಬಸ್ಸು ಹಾದರೂ ಯಂತ್ರ ಅದನ್ನೇ ಎತ್ತಿಕೊಳ್ಳಬಹುದು. ಬೆಳಿಗ್ಗೆ ಆರೂವರೆಗೆ ಹೋಗಿ, ಹಿಂದೆ ಗೋಡೆಯೋ ಗಿಡದ ಸಾಲೋ ಇರುವ ಮೂಲೆ ಹಿಡಿಯುವುದೇ ಇದಕ್ಕೆ ಮದ್ದು. ಪುಣೆಯ ಅಂಕಿಯನ್ನು ಮುಂಬೈ ಅಂಕಿಯ ಜೊತೆ ಹೋಲಿಸಬಹುದೇ ಎಂದು ಕೇಳುವವರಿದ್ದಾರೆ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರ, ಗಾಳಿ ತುಸು ತೆಳು. ಲೆಕ್ಕ ಹಾಕಿದರೆ ಪ್ಲೇಟ್ ಹತ್ತಿರದ ವೇಗದಲ್ಲಿ ಬರುವ ವ್ಯತ್ಯಾಸ 1 ಕಿ.ಮೀ.ಗಿಂತ ಕಡಿಮೆ. ಧಾರಾಳವಾಗಿ ಹೋಲಿಸಿ.

ದೂರ ತಪ್ಪಾದರೆ ಮಾತ್ರ ಎಲ್ಲ ತಪ್ಪಿದಂತೆ. ಪಿಚರ್ ಕಾಲೂರುವ ರಬ್ಬರ್ ಪಟ್ಟಿಯ ಮುಂದಿನ ಅಂಚಿನಿಂದ ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಗೆ 18.44 ಮೀಟರ್. ಹೆಜ್ಜೆ ಹಾಕಿ ಅಂದಾಜು ಮಾಡದೆ ಟೇಪು ಹಿಡಿದು ಅಳೆಯಿರಿ. ಕ್ರಿಕೆಟ್ ಪಿಚ್‌ನ 20.12 ಮೀಟರಿನ ಅಭ್ಯಾಸದಲ್ಲಿ ನಿಲ್ಲಿಸಿದರೆ ಹುಡುಗ ಚೆಂಡನ್ನು ಮೇಲಕ್ಕೆ ಎತ್ತಿ ಎಸೆಯತೊಡಗುತ್ತಾನೆ. ಮೌಂಡ್ ಎಂಬ ಮಣ್ಣಿನ ದಿಬ್ಬ ನಿಯಮದಂತೆ 25.4 ಸೆಂ.ಮೀ. ಎತ್ತರ, ಪಟ್ಟಿಯ ಮುಂದೆ 15 ಸೆಂ.ಮೀ. ಸಮತಟ್ಟಾಗಿದ್ದು, ಅಲ್ಲಿಂದ ಪ್ರತಿ 30 ಸೆಂ.ಮೀ.ಗೆ ಎರಡೂವರೆ ಸೆಂ.ಮೀ.ಯಂತೆ ಇಳಿಯುತ್ತದೆ. ಶಾಲೆಗಳಲ್ಲಿ ಇದು ಸಿಗುವುದು ಅಪರೂಪ. ಬಡಗಿಯಿಂದ ದಪ್ಪ ಪ್ಲೈವುಡ್ಡಿನಲ್ಲಿ ಇದೇ ಇಳಿಜಾರು ಮಾಡಿಸಿ ಮೇಲೆ ಕೃತಕ ಹುಲ್ಲಿನ ಹಾಸು ಅಂಟಿಸಿಕೊಳ್ಳಬಹುದು. ಮುಂಗಾಲು ಬೀಳುವ ಜಾಗವೂ ಹಲಗೆಯ ಮೇಲೇ ಇರುವಷ್ಟು ಉದ್ದ ಬೇಕು. ಗಿಡ್ಡ ಹಲಗೆ ಮಾಡಿಸಿದರೆ ಕಾಲು ಅಂಚಿಗೆ ಬಿದ್ದು ಪಾದ ಹೊರಳುತ್ತದೆ. ಅದೂ ಆಗದಿದ್ದರೆ ಸಮನೆಲದಲ್ಲೇ ಅಳೆದು, ಹಾಳೆಯಲ್ಲಿ ‘ಸಮನೆಲ’ ಎಂದು ಬರೆದುಕೊಳ್ಳಿ.

ಇನ್ನು ಅಂಕಿ ಓದುವ ಬಗೆ. ಅಮೆರಿಕದ ಶಾಲಾ ತಂಡಗಳಲ್ಲಿ 16ರ ಹುಡುಗ ಗಂಟೆಗೆ 120-130 ಕಿ.ಮೀ. ಎಸೆದರೆ ಒಳ್ಳೆಯ ಕೈ ಎನ್ನುತ್ತಾರೆ. ದೊಡ್ಡ ಕಾಲೇಜುಗಳು ಬಲಗೈ ಪಿಚರ್‌ನಲ್ಲಿ ಹುಡುಕುವುದು 137-145ರ ಸುತ್ತಿನ ವೇಗ. ಒಂದೇ ಒಂದು ಎಸೆತ ಮುಟ್ಟಿದ ಅಂಕಿಗೆ ಮಾತ್ರ ಮರುಳಾಗಬಾರದು. ಹತ್ತು ಫಾಸ್ಟ್‌ಬಾಲ್‌ಗಳಲ್ಲಿ (ಪೂರ್ತಿ ವೇಗದ ಎಸೆತಗಳಲ್ಲಿ) ಏಳೆಂಟು ಯಾವ ಅಂಕಿಗಳ ನಡುವೆ ಬೀಳುತ್ತವೆ ಎಂಬುದು ಅವನ ನಿಜವಾದ ವೇಗ. ಒಬ್ಬ 118ರಿಂದ 121ರೊಳಗೆ ಹತ್ತೂ ಎಸೆಯುತ್ತಾನೆ, ಇನ್ನೊಬ್ಬ ಒಮ್ಮೆ 126 ಮುಟ್ಟಿ ಉಳಿದಂತೆ 109ರಿಂದ 117ರ ನಡುವೆ ಅಲೆಯುತ್ತಾನೆ ಎಂದಿಟ್ಟುಕೊಳ್ಳಿ. ಮೊದಲನೆಯವನ ಶರೀರ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬಲ್ಲದು. ಅವನಿಗೆ ವೇಗ ಆಮೇಲೆ ಸೇರಿಸಬಹುದು. ಎರಡನೆಯವನದು ಕೆಟ್ಟ ಕೈ ಅಂತಲ್ಲ, ಮುಂಗಾಲು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿರುತ್ತದೆ. ಇದನ್ನು ಕಣ್ಣಾರೆ ನೋಡಲು ಸುಲಭದ ದಾರಿ ಇದೆ: ದಿಬ್ಬದ ಮುಂದಿನ ಮಣ್ಣನ್ನು ಗುಡಿಸಿ ನುಣುಪು ಮಾಡಿ ಹತ್ತು ಎಸೆತ ಹಾಕಿಸಿ. ಹತ್ತು ಹೆಜ್ಜೆ ಒಂದರ ಮೇಲೊಂದು ಬಿದ್ದು ಒಂದೇ ಗುಳಿ ಆದರೆ ಒಂದು ಬಗೆ. ಬಲಗೈಯವನ ಗುಳಿಗಳು ಮೂರನೇ ಬೇಸಿನ ಕಡೆಗೆ ಚೆದುರಿದ್ದರೆ ಅವನು ತನ್ನ ಮೈಗೆ ತಾನೇ ಅಡ್ಡ ಹೆಜ್ಜೆ ಇಟ್ಟು ಎಸೆಯುತ್ತಿದ್ದಾನೆ. ಒಂದನೇ ಬೇಸಿನ ಕಡೆಗೆ ಚೆದುರಿದ್ದರೆ ಸೊಂಟ ಬೇಗ ತೆರೆದುಕೊಂಡು ಕೈ ಹಿಂದೆ ಉಳಿಯುತ್ತಿದೆ, ಚೆಂಡು ಎತ್ತರಕ್ಕೆ ಹೋಗುತ್ತಿರುತ್ತದೆ. ಯಾವ ರೇಡಾರೂ ಹೇಳದ ವಿಷಯವನ್ನು ಆ ಮಣ್ಣು ಹೇಳುತ್ತದೆ, ಖರ್ಚೂ ಇಲ್ಲ.

ಫಾಸ್ಟ್‌ಬಾಲ್ ಆದಮೇಲೆ ಐದು ಚೇಂಜ್‌ಅಪ್ ಹಾಕಿಸಿ. ಅದು ಫಾಸ್ಟ್‌ಬಾಲಿಗಿಂತ 13-16 ಕಿ.ಮೀ. ಕಡಿಮೆ ಬರಬೇಕು, ಆದರೆ ಕೈ ಬೀಸುವ ರಭಸ ಒಂದೇ ಇರಬೇಕು. ವ್ಯತ್ಯಾಸ 5 ಕಿ.ಮೀ. ಮಾತ್ರ ಇದ್ದರೆ ಬ್ಯಾಟರ್‌ಗೆ ಅದು ಸುಸ್ತಾದ ಫಾಸ್ಟ್‌ಬಾಲ್ ಅಷ್ಟೆ. 20 ಇದ್ದರೆ ಬಹುಶಃ ಕೈಯನ್ನೇ ನಿಧಾನ ಮಾಡಿದ್ದಾನೆ, ವಿಡಿಯೋದಲ್ಲಿ ಗೊತ್ತಾಗುತ್ತದೆ. ಯಂತ್ರಕ್ಕೆ ಯಾವ ಎಸೆತ ಯಾವುದೆಂದು ತಿಳಿಯುವುದಿಲ್ಲ, ಹಾಳೆಯಲ್ಲಿ ನೀವೇ ಫಾಸ್ಟ್‌ಬಾಲಿಗೆ ಫಾ, ಚೇಂಜ್‌ಅಪ್‌ಗೆ ಚೇ, ತಿರುಗುವ ಕರ್ವ್ ಎಸೆತಕ್ಕೆ ಕ ಎಂದು ಗುರುತು ಹಾಕಬೇಕು. ಪಕ್ಕದಲ್ಲೇ ಸ್ಟ್ರೈಕೋ (ಬ್ಯಾಟರ್ ಆಡಬಹುದಾದ ಚೌಕದೊಳಗೆ ಬಂದದ್ದು) ಬಾಲೋ (ಹೊರಗೆ ಹೋದದ್ದು) ಎಂಬುದೂ ಇರಲಿ. ಹತ್ತರಲ್ಲಿ ಆರು ಸ್ಟ್ರೈಕ್ ಹಾಕಲಾರದವನ ವೇಗವನ್ನು ಇನ್ನೂ ಯಾರಿಗೂ ಹೇಳುವ ಹೊತ್ತು ಬಂದಿಲ್ಲ. ಕೊನೆಗೆ ಬೇಸಿನಲ್ಲಿ ಓಟಗಾರ ಇದ್ದಾಗ ಎಸೆಯುವ ಭಂಗಿಯಲ್ಲಿ ಐದು ಎಸೆತ. ಇಲ್ಲಿ ಸ್ಟಾಪ್‌ವಾಚ್ ಬೇಕು: ಮುಂಗಾಲು ಅಲ್ಲಾಡಿದ ಕ್ಷಣದಿಂದ ಚೆಂಡು ಕ್ಯಾಚರ್ ಗ್ಲೌವಿಗೆ ಬೀಳುವವರೆಗೆ 1.3 ಸೆಕೆಂಡ್ ಆದರೆ ಒಳ್ಳೆಯದು, 1.5 ದಾಟಿದರೆ ಎಸೆತದ ಹೊತ್ತಿಗೇ ಓಡಿ ಎರಡನೇ ಬೇಸ್ ಕದಿಯುವವರಿಗೆ ಬಾಗಿಲು ತೆರೆದಿಟ್ಟ ಹಾಗೆ. ಈ ಭಂಗಿಯಲ್ಲಿ ವೇಗ ಒಂದೆರಡು ಕಿ.ಮೀ. ಇಳಿಯುವುದು ಸಹಜ. ಐದಾರು ಇಳಿದರೆ ಅವನು ಕೈಯ ಬಲದಲ್ಲಿ ಮಾತ್ರ ಎಸೆಯುತ್ತಿದ್ದಾನೆ, ಕಾಲಿನದಲ್ಲ.

ಆ್ಯಪಿನಲ್ಲಿ ಪ್ರತಿ ಎಸೆತದ ವೇಗವನ್ನು ಫೋನು ಗಟ್ಟಿಯಾಗಿ ಕೂಗಿ ಹೇಳುವ ಸೌಲಭ್ಯ ಇದೆ. ಪರೀಕ್ಷೆಯ ದಿನ ಅದನ್ನು ಬಂದ್ ಮಾಡಿ. ಅಂಕಿ ಕಿವಿಗೆ ಬಿದ್ದ ಮೂರನೇ ಎಸೆತಕ್ಕೆ ಹುಡುಗ ಹಲ್ಲು ಕಚ್ಚಿ, ತಲೆ ಪಕ್ಕಕ್ಕೆ ಎಳೆದು ಎಸೆಯಲು ಶುರು ಮಾಡುತ್ತಾನೆ. ಸುತ್ತ ನಿಂತ ಗೆಳೆಯರು ‘ಇನ್ನೂ ಜೋರು’ ಎಂದರಂತೂ ಮುಗಿಯಿತು. ಮೊಣಕೈಗೆ ಪೆಟ್ಟಾಗುವುದು ಇಂಥ ಹೊತ್ತಿನಲ್ಲಿ. ‘ಗನ್ ನೋಡಬೇಡಪ್ಪಾ, ಗ್ಲೌವ್ ನೋಡು’ ಎಂದು ಮೊದಲೇ ಹೇಳಿ, ಪರದೆಯನ್ನು ಅವನಿಗೆ ಕಾಣದಂತೆ ತಿರುಗಿಸಿಡಿ. ಅಂಕಿಗಳನ್ನು ಎಲ್ಲ ಮುಗಿದ ಮೇಲೆ ಹಾಳೆಯಲ್ಲಿ ತೋರಿಸಿದರಾಯಿತು. ಇನ್ನೊಂದು ಎಚ್ಚರ: ಎಸೆತಗಳ ನಡುವೆ ವೇಗ ತಟ್ಟನೆ 4-5 ಕಿ.ಮೀ. ಕುಸಿದು, ಜೊತೆಗೆ ಮೊಣಕೈ ಭುಜಕ್ಕಿಂತ ಕೆಳಗಿಳಿದರೆ ಅಲ್ಲಿಗೆ ನಿಲ್ಲಿಸಿ. ಅವನು ‘ಏನಿಲ್ಲ ಸರ್’ ಎಂದೇ ಹೇಳುತ್ತಾನೆ, ಆ ಮಾತು ಕೇಳಬೇಡಿ. ಯಂತ್ರದ ಅತ್ಯಂತ ದೊಡ್ಡ ಉಪಯೋಗ ನನ್ನ ಮಟ್ಟಿಗೆ ಇದೇ.

ಔಟ್‌ಫೀಲ್ಡರ್ ಪರೀಕ್ಷೆಯಲ್ಲಿ ಈ ಯಂತ್ರದ ಮಿತಿ ಎದ್ದು ಕಾಣುತ್ತದೆ. ಹೋಮ್ ಪ್ಲೇಟ್ ಹಿಂದೆ ನಿಂತು 70 ಮೀಟರ್ ಆಚೆಯ ಹುಡುಗನ ಎಸೆತ ಅಳೆಯಲು ಹೋದರೆ ಚೆಂಡು ಕೊನೆಯ 36 ಮೀಟರಿಗೆ ಬರುವವರೆಗೆ ಯಂತ್ರಕ್ಕೆ ಕಾಣುವುದೇ ಇಲ್ಲ. ಅಷ್ಟರಲ್ಲಿ ವೇಗ ಬಹಳಷ್ಟು ಕರಗಿರುತ್ತದೆ. ಹಾಗಾಗಿ ಎಸೆಯುವವನ ಬೆನ್ನ ಹಿಂದೆ ಐದಾರು ಮೀಟರ್ ಬಿಟ್ಟು ನಿಲ್ಲಬೇಕು. ಗುರಿಯನ್ನು 30 ಮೀಟರ್ ದೂರದಲ್ಲಿ, ಒಬ್ಬ ಫೀಲ್ಡರ್‌ನ ತಲೆಯೆತ್ತರಕ್ಕೆ ಇಡಿ. ಯಾಕೆಂದರೆ ಎತ್ತಿ ಎಸೆದರೆ ಇಲ್ಲೂ ಕೋನ ಕಾಡುತ್ತದೆ: 15 ಡಿಗ್ರಿ ಮೇಲಕ್ಕೆ ಹೋದ 120ರ ಎಸೆತ 116 ಎಂದು ಕಾಣುತ್ತದೆ. ಗುರಿ ತಲೆಯೆತ್ತರದಲ್ಲಿದ್ದರೆ ಹುಡುಗ ತಾನಾಗಿಯೇ ಚಪ್ಪಟೆಯಾಗಿ ಎಸೆಯುತ್ತಾನೆ, ಪಂದ್ಯದಲ್ಲೂ ಬೇಕಾದದ್ದು ಅದೇ.

ಔಟ್‌ಫೀಲ್ಡರ್ ಚೆಂಡು ಹಿಡಿದು ಒಂದು ಕುಪ್ಪಳಿಕೆ ಹಾಕಿ ಎಸೆಯುತ್ತಾನೆ. ಓಟದ ಬಲವೂ ಸೇರುವುದರಿಂದ ಆ ಅಂಕಿ ದಿಬ್ಬದ ಮೇಲಿನ ಅಂಕಿಗಿಂತ ಹೆಚ್ಚು ಬಂದರೆ ಆಶ್ಚರ್ಯವಿಲ್ಲ. ಎರಡನ್ನೂ ಒಂದೇ ಅಂಕಣದಲ್ಲಿ ಬರೆಯಬೇಡಿ, ಆದರೆ ಪಕ್ಕಪಕ್ಕ ಇಟ್ಟು ನೋಡಿ. ಔಟ್‌ಫೀಲ್ಡಿನಿಂದ 130, ದಿಬ್ಬದಿಂದ 115 ಎಂದಾದರೆ ಆ ಹುಡುಗನಲ್ಲಿ ಕೈ ಇದೆ, ದಿಬ್ಬದ ಮೇಲೆ ಕಾಲು-ಸೊಂಟದ ಬಲ ಸೋರುತ್ತಿದೆ. ಅವನಿಗೆ ಸಮಯ ಕೊಡಬೇಕು. ಎರಡೂ ಹತ್ತಿರ ಹತ್ತಿರ ಬಂದರೆ ಪಿಚಿಂಗ್ ಚಲನೆ ಆಗಲೇ ಚೆನ್ನಾಗಿದೆ ಎಂದರ್ಥ. ಇಬ್ಬರನ್ನು ಬೇರೆ ಮಾಡುವ ಈ ಹೋಲಿಕೆಯೊಂದಕ್ಕೇ ಎರಡೂ ಕೆಲಸ ಮಾಡುವ ಹುಡುಗನನ್ನು ಎರಡೂ ಜಾಗದಲ್ಲಿ ಅಳೆಯಬೇಕು ಎನ್ನುವುದು.

ಔಟ್‌ಫೀಲ್ಡರ್‌ನ ಉಳಿದ ಗುಣ ರೇಡಾರಿಗೆ ಸಿಗುವುದಿಲ್ಲ. ಓಟಕ್ಕೆ 60 ಗಜ, ಅಂದರೆ 54.86 ಮೀಟರ್, 7 ಸೆಕೆಂಡಿನ ಒಳಗೆ ಬಂದರೆ ಗಮನಿಸಬೇಕಾದ ಓಟ, 6.6 ಆದರೆ ತುಂಬ ವೇಗ. ಚೆಂಡು ಗ್ಲೌವಿಗೆ ಬಿದ್ದಲ್ಲಿಂದ ಕೈ ಬಿಡುವವರೆಗಿನ ಹೊತ್ತನ್ನು ಫೋನಿನ ನಿಧಾನ ವಿಡಿಯೋದಲ್ಲಿ ಫ್ರೇಮು ಎಣಿಸಿ ತೆಗೆಯಬಹುದು. 240 ಫ್ರೇಮಿನ ವಿಡಿಯೋದಲ್ಲಿ 24 ಫ್ರೇಮು ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಕೈಯಲ್ಲಿ 5 ಕಿ.ಮೀ. ಕಡಿಮೆ ಇದ್ದರೂ ಚೆಂಡನ್ನು ಬೇಗ ಬಿಡುವವನು ಓಟಗಾರನನ್ನು ಔಟ್ ಮಾಡುತ್ತಾನೆ. ಇದಕ್ಕಿಂತ ಮುಖ್ಯ ಮೊದಲ ಹೆಜ್ಜೆ. ತಲೆಯ ಮೇಲೆ ಹೋಗುವ ಚೆಂಡಿಗೆ ಮುಂದಕ್ಕೆ ಹೆಜ್ಜೆಯಿಟ್ಟು ಆಮೇಲೆ ತಿರುಗುವವನು ಎಷ್ಟು ಓಡಬಲ್ಲವನಾದರೂ ತಡವಾಗುತ್ತಾನೆ. ಹತ್ತು ಎತ್ತರದ ಚೆಂಡು ಬೇರೆಬೇರೆ ದಿಕ್ಕಿಗೆ ಹೊಡೆದು ಮೊದಲ ಹೆಜ್ಜೆಯನ್ನಷ್ಟೇ ನೋಡಿ. ಕ್ರಿಕೆಟ್ಟಿನಲ್ಲಿ ಬೌಂಡರಿ ಕಾದ ಹುಡುಗರು ಇದರಲ್ಲಿ ಮುಂದಿರುತ್ತಾರೆ. ಆದರೆ ಬರಿಗೈಲಿ ಹಿಡಿದ ರೂಢಿಯಿಂದ ಎರಡೂ ಕೈ ಚಾಚುತ್ತಾರೆ, ಗ್ಲೌವ್ ಕೈ ಒಂದನ್ನೇ ಪೂರ್ತಿ ಚಾಚಲು ಕಲಿಸಬೇಕಾಗುತ್ತದೆ.

ಪಿಚಿಂಗ್, ಔಟ್‌ಫೀಲ್ಡ್ ಎರಡನ್ನೂ ಒಂದೇ ಬೆಳಿಗ್ಗೆ ಅಳೆಯಬೇಡಿ. ಎರಡನೆಯದರ ಅಂಕಿ ಸುಳ್ಳಾಗುತ್ತದೆ, ಕೈಗೂ ಹೊರೆ. ಅಮೆರಿಕದ ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 2014ರಲ್ಲಿ ತಂದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯಂತೆ 15-16ರವರಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ, 17-18ರವರಿಗೆ 105. 31ರಿಂದ 45 ಎಸೆದರೆ ಒಂದು ದಿನ, 46ರಿಂದ 60ಕ್ಕೆ ಎರಡು ದಿನ ಬಿಡುವು. 15-16ರವರು 75 ದಾಟಿದರೆ ನಾಲ್ಕು ದಿನ. ವರ್ಷದಲ್ಲಿ ನಾಲ್ಕು ತಿಂಗಳು ಪಂದ್ಯದ ಪಿಚಿಂಗಿನಿಂದ ದೂರ ಇರಬೇಕೆಂದೂ ಅದರಲ್ಲಿದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಈ ಬಿಡುವಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಇರುವುದು ಇನ್ನೊಂದು ಕಡೆ: ಬೇಸ್‌ಬಾಲ್ ಮುಗಿಸಿದ ಹುಡುಗ ಮಾರನೆಯ ದಿನ ಸೊಸೈಟಿ ಕ್ರಿಕೆಟ್ಟಿನಲ್ಲಿ ಬೌಲಿಂಗ್ ಮಾಡುತ್ತಾನೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಳೆಯುವ ಮೊದಲು ಹಿಂದಿನ ಮೂರು ದಿನ ಏನೇನು ಎಸೆದೆ ಎಂದು ಕೇಳಿ, ಹಾಳೆಯ ಮೊದಲ ಸಾಲಿನಲ್ಲಿ ಬರೆಯಿರಿ. ಮಳೆಗಾಲದಲ್ಲಿ ಅಳೆಯುವುದಕ್ಕೂ ಅರ್ಥವಿಲ್ಲ. ಚರ್ಮದ ಚೆಂಡು ನೀರು ಕುಡಿದು 142-149 ಗ್ರಾಂ ಮಿತಿ ಮೀರುತ್ತದೆ, ಹಿಡಿತ ಜಾರುತ್ತದೆ.

ಈ ದೇಶದಲ್ಲಿ ರೇಡಾರ್ ಗನ್ ಹಿಡಿದು ಪಿಚರ್ ಹುಡುಕಿದ ದೊಡ್ಡ ಉದಾಹರಣೆ 2008ರದು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಟಿ.ವಿ. ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ, ಅಮೆರಿಕದಲ್ಲಿ ತರಬೇತಿ ಪಡೆದು, ಅದೇ ವರ್ಷ ಮೇಜರ್ ಲೀಗಿನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಬೇಸ್‌ಬಾಲ್ ಆಡಿಯೇ ಇರದ ರಿಂಕು ಎಸೆದದ್ದು ಗಂಟೆಗೆ 140 ಕಿ.ಮೀ. ಇಬ್ಬರೂ ಕೆಳಗಿನ ಲೀಗುಗಳಲ್ಲಿ ಆಡಿದರು, ಮೇಜರ್ ಲೀಗ್ ತಲುಪಲಿಲ್ಲ. ಅವರು ಸಾಧಿಸಿದ್ದು ಸಣ್ಣದಲ್ಲ. ಆದರೆ ಗನ್ನಿಗೆ ಸಿಗುವುದು ಕೈ, ಪಿಚರ್ ಆಗುವುದಕ್ಕೆ ಆ ಕೈಯ ಮೇಲೆ ವರ್ಷಗಟ್ಟಲೆ ಕೆಲಸ ಆಗಬೇಕು. ಈಗ ಜಾವೆಲಿನ್, ಹ್ಯಾಂಡ್‌ಬಾಲ್ ಆಡುವ ಮಕ್ಕಳನ್ನೂ ಒಮ್ಮೆ ಅಳೆದು ನೋಡುವುದು ಒಳ್ಳೆಯದೇ. ಅಂಕಿ ಬಂದ ಕೂಡಲೇ ಮನೆಯವರಿಗೆ ಅಮೆರಿಕದ ಮಾತು ಎತ್ತುವುದು ಮಾತ್ರ ತಪ್ಪು.

ವಿದೇಶದ ಕಾಲೇಜಿಗೆ ವಿಡಿಯೋ ಕಳಿಸುವವರಿಗೆ ಈ ಯಂತ್ರ ನೇರ ಉಪಯೋಗಕ್ಕೆ ಬರುತ್ತದೆ. ಕ್ಯಾಚರ್ ಹಿಂದಿನಿಂದ ವೇಗ ಅಚ್ಚಾದ ಹತ್ತು ಎಸೆತ, ಹುಡುಗನ ಎದೆ ಕಾಣುವ ಪಕ್ಕದಿಂದ ಐದು ಎಸೆತ, ಬಲಗೈಯವನಾದರೆ ಅದು ಮೂರನೇ ಬೇಸಿನ ಕಡೆ. ಕತ್ತರಿಸದ, ಹಾಡು ಹಾಕದ ಎರಡು ನಿಮಿಷದ ವಿಡಿಯೋ ಸಾಕು. ಚೆನ್ನಾಗಿ ಬಿದ್ದವನ್ನಷ್ಟೇ ಹೆಕ್ಕಿ ಜೋಡಿಸಿದ್ದು ನೋಡುವವರಿಗೆ ತಕ್ಷಣ ತಿಳಿಯುತ್ತದೆ.

ಫೋನ್, ಆ್ಯಪ್ ಬೇಡ ಎನ್ನುವವರಿಗೆ ಇದೇ ಕಂಪನಿಯ ಬಾಲ್ ಕೋಚ್ ಸಾಕು. ಅಳತೆ ಅದೇ, ಸದಾ ಓದುವ ಸ್ಥಿತಿ ಮತ್ತು ವಿಡಿಯೋ ಇರುವುದಿಲ್ಲ, ಪ್ರತಿ ಎಸೆತಕ್ಕೂ ಗುಂಡಿ ಒತ್ತುತ್ತಿರಬೇಕು. ಹಣ ತೀರ ಕಡಿಮೆ ಇದ್ದರೆ ಬುಷ್‌ನೆಲ್; ಪಿಚಿಂಗಿಗೆ ನಡೆಯುತ್ತದೆ, ಔಟ್‌ಫೀಲ್ಡಿಗೆ ಬೆನ್ನ ಹಿಂದೆ ಇನ್ನೂ ಹತ್ತಿರ ನಿಲ್ಲಬೇಕು. ಯಾವುದನ್ನು ಕೊಂಡರೂ ಒಂದು ತಂಡಕ್ಕೆ ಒಂದೇ ಯಂತ್ರ ಬಳಸಿ. ಹಾಳೆಯಲ್ಲಿ ದಿನಾಂಕ, ಯಂತ್ರದ ಹೆಸರು, ನಿಂತ ಜಾಗ, ದಿಬ್ಬವೋ ಸಮನೆಲವೋ ಎಂಬುದು, ಒಟ್ಟು ಎಸೆತ ಇಷ್ಟೂ ಇದ್ದರೆ ಆರು ವಾರ ಬಿಟ್ಟು ಅದೇ ಹುಡುಗನನ್ನು ಮತ್ತೆ ಅಳೆದಾಗ 3 ಕಿ.ಮೀ. ಏರಿದ್ದು ನಿಜವೋ, ಸ್ಟ್ಯಾಂಡ್ ಒಂದಿಷ್ಟು ಸರಿದದ್ದರಿಂದ ಕಂಡದ್ದೋ ಎಂದು ಹೇಳಬಹುದು.